ಗೀಜಗನ ತೂಗುಮನೆ

ಯಾರೂ ಕಂಡರಿಯದ ಗೂಡು ನೇಯಬೇಕೆಂದು ಗೀಜಗನಿಗೆ ಹುಚ್ಚು ಹಿಡಿಯಿತು. "ಸ್ವರ್ಗದಂಥ ಮನೆ ಹೇಗಿರುತ್ತದೆ?" ಎಂದು ಅಳಿಲನ್ನು ಕೇಳಿತು.

"ದಿನವಿಡೀ ಉಯ್ಯಾಲೆಯಂತೆ ತೂಗುತ್ತದೆ!"

"ನರಕದಂಥದ್ದು?" ಎಂದು ಆಮೆಯನ್ನು ಕೇಳಿತು.

"ಹಾವು ಬಾಗಿಲಿಂದಲೇ ನುಗ್ಗಿ ಮೊಟ್ಟೆ ನುಂಗುತ್ತದೆ."

"ಥೂ, ಅಪಶಕುನ!" ಎಂದಿತು ಅಳಿಲು. "ಹೋಗೇ, ಹಗಲುಗನಸಿನವಳೇ!" ಎಂದಿತು ಆಮೆ.

"ನನಗೆ ನಿಮ್ಮಿಬ್ಬರ ಮಾತೂ ಬೇಕು!" ಎಂದು ಗೀಜಗ ಕುಣಿದಾಡಿತು. ಕೆರೆಯ ಮೇಲೆ ಚಾಚಿದ ಕೊಂಬೆಯ ತುದಿಗೆ ತೂಗುವ ಗೂಡು ನೇಯ್ದು, ಹಾವು ನುಗ್ಗದಂತೆ ಬಾಗಿಲನ್ನು ಕೆಳಮುಖವಾದ ಉದ್ದ ಕೊಳವೆಯಾಗಿ ಮಾಡಿತು. ಹೆಂಡತಿ ಮೆಚ್ಚಿ ಮೊಟ್ಟೆಯಿಟ್ಟಳು.

ಒಂದು ದಿನ ಹಾವು ನಿಜಕ್ಕೂ ಬಂತು. ಹಾವು ಕೊಳವೆಗೆ ಬಾಯಿ ಹಾಕುವಷ್ಟರಲ್ಲಿ ಗೂಡು ಜೋರಾಗಿ ತೂಗಿತು. ಹಾವು ಜಾರಿ ದುಡುಮ್ಮನೆ ನೀರಿಗೆ ಬಿತ್ತು.

"ಬೀಳಿಸಿದ್ದು ನನ್ನ ಉಯ್ಯಾಲೆ!" "ಅಲ್ಲ, ನನ್ನ ಎಚ್ಚರಿಕೆ!" ಎಂದು ಅಳಿಲು, ಆಮೆ ಕಚ್ಚಾಡಿದವು.

ಗೀಜಗ ನಕ್ಕು ನಕ್ಕು ಸುಸ್ತಾಗಿ, "ಬಿಡಬೇಡಿ, ಹೀಗೇ ಜಗಳವಾಡುತ್ತಿರಿ! ನಿಮ್ಮ ಜಗಳದಿಂದಲೇ ಈ ಗೂಡಾಯಿತು; ಇನ್ನು ಹುಟ್ಟುವ ಮರಿಗಳಿಗೊಂದು ಜೋಗುಳವನ್ನೂ ಅದರಿಂದಲೇ ಕಟ್ಟಬೇಕು," ಎಂದಿತು.