ತೇಪೆಯ ಮೇಲೆ ಕೂತ ಗಾಳೆವ್ವ

ಬಹಳ ಹಿಂದೆ, ಹೊಳೆಗೆ ಸೇತುವೆ ಎಂಬುದೇ ಇಲ್ಲದ ಕಾಲಕ್ಕೆ, ದಂಡೆಯ ಮೇಲೊಂದು ಊರಿತ್ತಂತೆ. ಆ ಊರಿಗೆ ಇದ್ದದ್ದು ಒಂದೇ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಹೊರಗೆ ಎಮ್ಮೆಯ ತೊಗಲು ಹೊದಿಸಿದ್ದು. ಅದನ್ನು ನಡೆಸುವವನು ಅಂಬಿಗರ ಗೂಳಪ್ಪ. ತೂತು ಬಿದ್ದರೆ ತೇಪೆ ಹಾಕುವವಳು ತೊಗಲು ಕೆಲಸದ ಕೇರಿಯ ಗಾಳೆವ್ವ. ಅವಳು ಹಾಕಿದ ತೇಪೆ ಮೀನಿನ ಕಣ್ಣಿಗೂ ಬೀಳುವುದಿಲ್ಲ ಅಂತಿದ್ದರಂತೆ. ಇದು ಸ್ವಲ್ಪ ಹೆಚ್ಚಾಯಿತು, ಇರಲಿ.

ಆದರೆ ಕೇಳಿ, ಅವಳು ಆ ಹರಿಗೋಲು ಹತ್ತುವಂತಿರಲಿಲ್ಲ. ಅವಳು ಹೊಲಿದ ತೊಗಲಿನ ಮೇಲೆ ಊರೆಲ್ಲ ಕೂರಬಹುದು, ಅವಳ ಪಕ್ಕದಲ್ಲಿ ಕೂರಬಾರದು. ಬೇಸಿಗೆಯಲ್ಲಿ ನೀರು ಇಳಿಯುವವರೆಗೆ ಕಾದು ನಡೆದೇ ಹೊಳೆ ದಾಟುತ್ತಿದ್ದಳಂತೆ. ಇದನ್ನು ಹೇಳುವಾಗ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ, ಯಾಕೆಂದರೆ ಹರಿಗೋಲಿನಲ್ಲಿ ಕೂತವರೊಳಗೆ ನಮ್ಮ ಹಿರಿಯರೂ ಇದ್ದರು.

ಒಂದು ವರ್ಷ ಹೊಳೆ ಹೇಳದೆ ಕೇಳದೆ ಏರಿತಂತೆ. ನಡುಗಡ್ಡೆಗೆ ಸೌತೆಬಳ್ಳಿಯ ಕೆಲಸಕ್ಕೆ ಹೋಗಿದ್ದ ಹನ್ನೊಂದು ಜನ ಅಲ್ಲೇ ಸಿಕ್ಕಿಬಿದ್ದರು. ಕೆಲಸ ನೋಡಲು ಹೋಗಿದ್ದ ಗೌಡರ ತಾಯಿಯೂ ಅವರೊಳಗಿದ್ದರು. ಹರಿಗೋಲನ್ನು ತಲೆಯ ಮೇಲೆ ಹೊತ್ತು ನೀರಿಗಿಳಿಸಬೇಕು, ಎಳೆಯಬಾರದು. ಇದು ಗೂಳಪ್ಪನಿಗೆ ಗೊತ್ತಿರದ್ದೇನಲ್ಲ. ಗಾಬರಿಯಲ್ಲಿ ಎಳೆದುಬಿಟ್ಟ. ಕಲ್ಲಿನ ಮೊನೆ ತಾಗಿ ಅಂಗೈಯಗಲ ತೂತು ಬಿತ್ತು.

ಗಾಳೆವ್ವ ಓಡಿ ಬಂದಳು. ಹಸಿ ತೊಗಲಿಟ್ಟು ದಬ್ಬಣದಲ್ಲಿ ಹೊಲಿದು, ಹೊಲಿಗೆಗೆ ಕೊಬ್ಬು ತಿಕ್ಕಿದಳು. ತೇಪೆ ಒಣಗಿ ಬಿಗಿಯಾಗಲು ಎರಡು ದಿನ ಬೇಕು. ನಡುಗಡ್ಡೆ ಸಂಜೆಯವರೆಗೂ ಉಳಿಯುವಂತಿರಲಿಲ್ಲ. ಆಗ ಅವಳು ಒಂದು ಕೌದಿಯ ತುಂಡು ಹಿಡಿದು ನಿಂತು ಹೇಳಿದ್ದು ಇಷ್ಟು: “ಒಳಗ ಇದನ್ನ ಇಟ್ಟು, ಮ್ಯಾಲೆ ಕುಂತು ಒತ್ತಬೇಕು. ಎಲ್ಲಿ ಸಡಲತೈತಿ ಅನ್ನೂದು ಹೊಲಿದಾಕಿಗೇ ಗೊತ್ತು.”

ಗೂಳಪ್ಪ ದಂಡೆಯಲ್ಲಿ ಸೇರಿದ್ದ ಊರ ಹಿರಿಯರ ಕಡೆ ನೋಡಿದ. ಎಲ್ಲರೂ ನೀರು ನೋಡುತ್ತ ನಿಂತಿದ್ದರಂತೆ. ಕೊನೆಗೆ ಅವನೇ ಹರಿಗೋಲಿನ ಅಂಚು ಹಿಡಿದು, “ಹತ್ತು ಬೇ ಯವ್ವಾ” ಅಂದ.

ಮೂರು ಸಲ ಹೋಗಿ ಬಂದರು ಅಂತ ನಮ್ಮಜ್ಜಿ ಹೇಳುತ್ತಿದ್ದಳು, ಏಳು ಸಲ ಅಂತ ಆಚೆ ದಡದವರು ಹೇಳುತ್ತಾರೆ. ಅಷ್ಟು ಹೊತ್ತೂ ಅವಳು ತೇಪೆ ಬಿಟ್ಟು ಏಳಲೇ ಇಲ್ಲವಂತೆ. ಗೌಡರ ತಾಯಿ ಮಾತ್ರ, ಅವಳು ಕೂತ ಹರಿಗೋಲು ತಮಗೆ ಬೇಡ ಅಂತ ಹಿಂದೆ ಹಿಂದೆ ಸರಿದರಂತೆ. ಕೊನೆಯ ಸಲಕ್ಕೆ ನೀರು ಮೊಣಕಾಲು ಮುಟ್ಟಿತ್ತು. ಆಗ ಹತ್ತಿದರು. ಸುಳಿಯಲ್ಲಿ ಹರಿಗೋಲು ಗಿರ್ರನೆ ತಿರುಗಿದಾಗ ಗಾಳೆವ್ವನ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡರಂತೆ. ದಡ ಮುಟ್ಟಿದ ಮೇಲೂ ಬಿಟ್ಟಿರಲಿಲ್ಲವಂತೆ.

ಹನ್ನೊಂದು ಜನರೂ ಉಳಿದರು. ತೇಪೆಯಿಂದ ಒಸರಿದ ತಣ್ಣೀರಿನಲ್ಲಿ ಕೂತು ಕೂತು ಗಾಳೆವ್ವನ ಸೊಂಟ ಹಿಡಿದುಹೋಯಿತು. ಮುಂದೆ ಅವಳು ನೆಟ್ಟಗೆ ನಡೆಯಲೇ ಇಲ್ಲ ಅನ್ನುತ್ತಾರೆ.

ಈಗ ತೊಗಲೂ ಇಲ್ಲ, ಬಿದಿರೂ ಇಲ್ಲ, ಫೈಬರ್ ದೋಣಿ ಬಂದಿದೆ. ಆದರೂ ತೂತು ಮುಚ್ಚಿದ ದೋಣಿ ಮೊದಲ ಸಲ ನೀರಿಗಿಳಿಯುವಾಗ, ಅದನ್ನು ಮುಚ್ಚಿದವರೇ ಮೊದಲು ಹತ್ತಿ ತೇಪೆಯ ಮೇಲೆ ಕೂರಬೇಕು. ಯಾವ ಕೇರಿಯವರು ಅಂತ ಯಾರೂ ಕೇಳುವುದಿಲ್ಲ. ಅವರು ಕೂರುವವರೆಗೆ ಗೌಡರ ಮನೆಯವರೂ ದಂಡೆಯ ಮೇಲೆ ನಿಂತೇ ಇರುತ್ತಾರೆ.