ಎಣ್ಣೆ ಸಿಗದ ಕುಂಬಾರ ಹುಳು

ಹರೆಯದಲ್ಲಿ ನಾನು ಯೇಸುಸ್ವಾಮಿಯ ನಾಡಿನ ಯೊರ್ದನ್ ಹೊಳೆಯನ್ನು ಒಂದೇ ಉಸಿರಿಗೆ ಈಜಿ ದಾಟಿದವನು. ಅದನ್ನು ಕಣ್ಣಾರೆ ಕಂಡವನು ನನ್ನ ಗೆಳೆಯ ಮರಿದಾಸಪ್ಪ ಒಬ್ಬನೇ. ಅವನು ಮಣ್ಣಿಗೆ ಸೇರಿ ಹನ್ನೊಂದು ವರ್ಷವಾಯಿತು. ನಡುನೀರಿನಲ್ಲಿ ಆ ಹೊಳೆಯೇ ನನಗೆ ಹೇಳಿದ ಕತೆ ಇದು. ಕಿಟಕಿ ಮೂಲೆಯ ಆ ಮಣ್ಣಿನ ಗೂಡನ್ನು ಕೆಡವಬೇಡ, ಲೂರ್ದಿ. ಮೊದಲು ನಿನ್ನ ತಾತನ ಮಾತು ಕೇಳು.

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಯೊರ್ದನ್ ಹೊಳೆ ಅಂಬೆಗಾಲಿಡುತ್ತಿತ್ತು. ಯಾವುದಕ್ಕೆ ಏನು ಹೆಸರು, ಯಾರಿಗೆ ಯಾವ ಕೆಲಸ, ಒಬ್ಬರಿಗೂ ಗೊತ್ತಿರಲಿಲ್ಲ. ಗಾಳಿ ಕೂಡ ದಾರಿ ಕೇಳಿಕೊಂಡು ಬೀಸುತ್ತಿತ್ತು.

ಆ ಹೊಳೆಯ ದಡದಲ್ಲಿ ಒಬ್ಬಳು ಬಾಣಂತಿ. ಹೆಸರು ಹೋಗ್ಲಾ. ನಗಬೇಡ, ಆ ಕಡೆ ಹಾಗೇ ಹೆಸರಿಡುತ್ತಾರೆ. ಬಿಸಿಗಾಳಿಗೆ ಅವಳ ಕೂಸಿನ ಮೈಯೆಲ್ಲ ಬಿರಿದು, ಒಂದೇ ಸಮ ಅಳು. ಹಚ್ಚಲು ಮನೆಯಲ್ಲಿದ್ದದ್ದು ಎರಡೇ ಬೊಗಸೆ ಆಲಿವ್ ಎಣ್ಣೆ. ಮರ ಮತ್ತೆ ಕಾಯಿ ಬಿಡುವವರೆಗೂ ಅಷ್ಟೇ.

ಹೋಗ್ಲಾ ಮಣ್ಣು ತಟ್ಟಿ ಒಂದು ಪುಟ್ಟ ಪಾತ್ರೆ ಮಾಡಿ ಸುಟ್ಟಳು. "ನೀನು ಕುಡಿಕೆ" ಎಂದು ಹೆಸರಿಟ್ಟು ಒಂದು ಬೊಗಸೆ ಎಣ್ಣೆ ಹುಯ್ದಳು. ಬೆಳಿಗ್ಗೆ ನೋಡಿದರೆ ತಳದಲ್ಲಿ ತೊಟ್ಟೂ ಇಲ್ಲ!

"ಎಣ್ಣೆ ಎಲ್ಲಿ?"

"ಕುಡಿದೆ."

"ಅಯ್ಯೋ, ಯಾಕೆ?"

"ಕುಡಿಕೆ ಅಂತ ನೀನೇ ಕರೆದೆಯಲ್ಲ ತಾಯಿ. ಕುಡಿ ಅಂದೆ ಅಂದುಕೊಂಡೆ."

ಕುಡಿಕೆಯನ್ನು ಬಯ್ಯುವುದೋ, ತನ್ನ ಬಾಯನ್ನು ಬಯ್ಯುವುದೋ, ಅವಳಿಗೆ ತಿಳಿಯಲಿಲ್ಲ. ಕೂಸು ಅಳುತ್ತಲೇ ಇತ್ತು.

ಆಗ ಗುಂಯ್ ಅಂತ ಬಂತು ಕುಂಬಾರ ಹುಳು. "ಅಕ್ಕಾ, ಅಷ್ಟಗಲ ಬಾಯಿ ಇದ್ದರೆ ಕುಡಿಯದೆ ಇನ್ನೇನು? ಕೊರಳು ನನ್ನ ಸೊಂಟದಷ್ಟು ಸಣ್ಣಗಿರಲಿ. ನಾನು ಕಲಿಸ್ತೀನಿ. ನನ್ನ ಮರಿಗೂ ಒಂದು ತೊಟ್ಟು ಎಣ್ಣೆ ಕೊಡ್ತೀಯಾ?"

"ಕೊಡ್ತೀನಪ್ಪಾ, ಕಲಿಸು."

ಇಬ್ಬರೂ ಪಕ್ಕಪಕ್ಕ ಕೂತು ಮಣ್ಣು ಹದ ಮಾಡಿದರು. ಅವಳದು ಮುಷ್ಟಿಯಷ್ಟು, ಅವನದು ಗೋಲಿಯಷ್ಟು. ಸಣ್ಣ ಕೊರಳಿನ ಕುಡಿಕೆಯಲ್ಲಿ ಎಣ್ಣೆ ನಿಂತಿತು ನೋಡು! ಹಚ್ಚಿದ ಮೂರೇ ದಿನಕ್ಕೆ ಕೂಸಿನ ಮೈ ಮೆತ್ತಗಾಗಿ, ಅದು ಹುಟ್ಟಿದ ಮೇಲೆ ಮೊದಲ ಸಲ ನಕ್ಕಿತು.

"ತಗೋ, ನಿನ್ನ ಪಾಲು" ಎಂದು ಹೋಗ್ಲಾ ಬೆರಳ ತುದಿಯಲ್ಲಿ ಎಣ್ಣೆ ಹಿಡಿದಳು. ಅಷ್ಟರಲ್ಲಿ ಅವಳ ಗಂಡ ಹಿತ್ತಲಿನಿಂದ ಕೂಗಿದ: "ಹೋಗ್ಲಾ! ಏ ಹೋಗ್ಲಾ!"

ಹುಳು ಬೆಚ್ಚಿಬಿತ್ತು. "ಕೆಲಸ ಮುಗಿದ ಮೇಲೆ ಹೋಗ್ಲಾ ಅಂತೀರಾ?" ಎಂದು ತನ್ನ ಗೋಲಿ ಕುಡಿಕೆ ಹೊತ್ತು ಹಾರಿಯೇ ಹೋಯಿತು.

"ನಿನಗಲ್ಲ ಕಣಪ್ಪಾ, ಅದು ನನ್ನ ಹೆಸರು!" ಹೋಗ್ಲಾ ಕೂಗಿದಳು. ಕೇಳಿಸಲಿಲ್ಲ.

ಯಾವುದೋ ಗೋಡೆಯ ಮೇಲೆ ಕೂತು ಹುಳು ತಲೆ ಕೆರೆದುಕೊಂಡಿತು. ಕುಡಿಕೆಯೇನೋ ಇದೆ, ಎಣ್ಣೆ ಇಲ್ಲ. ಮರಿಗೆ ಏನು ಇಡುವುದು? ನೀರೇ? ಮಣ್ಣೇ? ಒಳಗೆ ಇಣುಕಿತು, ಹೊರಗೆ ಬಂತು. ಮತ್ತೆ ಇಣುಕಿತು. ಕೊನೆಗೆ ಕೈಗೆ ಸಿಕ್ಕ ಹಸಿರು ಕಂಬಳಿಹುಳುವನ್ನೇ ತುರುಕಿ ಬಾಯಿ ಮುಚ್ಚಿತು.

ಅದಕ್ಕೇ ಇವತ್ತಿಗೂ ಕುಂಬಾರ ಹುಳು ನಮ್ಮ ಕಿಟಕಿಯಲ್ಲಿ ಕುಡಿಕೆ ಕಟ್ಟಿ, ಹತ್ತು ಸಲ ಒಳಗೆ ಇಣುಕಿ, ಎಣ್ಣೆಯ ಬದಲು ಹಸಿರು ಹುಳು ತುಂಬಿ ಹೋಗುವುದು. ಕೂಸು ಉಳಿಸಿದವನ ಮನೆ ಅದು, ಕೆಡವಬಾರದು.

ಲೂರ್ದಿ ಪೊರಕೆ ಕೆಳಗಿಟ್ಟಳು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು: "ತಾತ, ಆ ದೇಶದ ಹುಳಕ್ಕೆ ನಮ್ಮ ಕನ್ನಡ ಹೆಂಗೆ ಅರ್ಥ ಆಯ್ತು?"

ನಾನು ಹೆಗಲು ಕುಣಿಸಿದೆ. "ಅರ್ಥ ಆಗಿದ್ದರೆ ಅದು ಹಾರಿಹೋಗ್ತಿತ್ತಾ, ಮಗಾ?"