ಹೆಂಚಿನ ಕೆಳಗಿನ ಪಾಲು

ಗಂಡು ಕಾಗೆಯೊಂದರ ಹೆಂಡತಿ ಸತ್ತು ಆರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಒಂದು ಮನೆಯಾಕೆ ಹಿತ್ತಿಲ ಗೋಡೆ ಮೇಲೆ ಅದಕ್ಕೊಂದು ರೊಟ್ಟಿ ಇಡುತ್ತಿದ್ದಳು. ಕಾಗೆ ಅದನ್ನು ಎರಡು ತುಂಡು ಮಾಡುತ್ತಿತ್ತು. ಹೆಂಡತಿಯ ಪಾಲನ್ನು ಕೊಟ್ಟಿಗೆಯ ಹೆಂಚಿನ ಕೆಳಗೆ ಇಟ್ಟು, ತಿರುಗಿ ನೋಡದೆ ಬರುತ್ತಿತ್ತು. ತನ್ನ ಪಾಲನ್ನು ಗಬಕ್ಕನೆ ನುಂಗಿ, ಅವಳು ಕೂರುತ್ತಿದ್ದ ಕೊಂಬೆಯನ್ನೇ ನೋಡುತ್ತಾ ಕೂರುತ್ತಿತ್ತು.

ಒಂದು ದಿನ ಹೆಂಚಿನ ಹತ್ತಿರ ಸದ್ದಾಯಿತು. ಹೋಗಿ ನೋಡಿದರೆ ಒಂದು ಅಳಿಲು ಆ ತುಂಡನ್ನು ಎರಡು ಕೈಯಲ್ಲಿ ಹಿಡಿದು ಕಡಿಯುತ್ತಿತ್ತು.

"ಕಳ್ಳಿ! ಅದು ನನ್ನವಳ ಪಾಲು," ಎಂದಿತು ಕಾಗೆ.

"ತಪ್ಪಾಯ್ತು ಕಾಗಣ್ಣ. ಸುಮ್ಮನೆ ಹಾಳಾಗುತ್ತಲ್ಲ ಅಂತ ದಿನಾ ತಿನ್ನುತ್ತಿದ್ದೆ. ನಿನ್ನೆ ಆಯಮ್ಮ ಸಬ್ಬಸಿಗೆ ಸೊಪ್ಪು ಹಾಕಿದ್ದಳು ನೋಡು, ಘಮಘಮ ಅಂತಿತ್ತು."

"ಸೊಪ್ಪು ಹಾಕಿದ್ದಳಾ?"

"ಅಯ್ಯೋ, ಅದೇ ರೊಟ್ಟಿ ನೀನೂ ತಿಂದೆಯಲ್ಲ! ಮೊನ್ನೆ ಅಂಚು ಸೀದಿತ್ತು, ಅದೂ ಗೊತ್ತಾಗಲಿಲ್ವಾ?"

ಕಾಗೆ ನೆನಪಿಸಿಕೊಳ್ಳಲು ನೋಡಿತು. ಆರು ತಿಂಗಳಲ್ಲಿ ಒಂದು ರೊಟ್ಟಿಯ ರುಚಿಯೂ ಅದಕ್ಕೆ ನೆನಪಿರಲಿಲ್ಲ. ಹೆಂಡತಿ ಇದ್ದಾಗ ತುತ್ತು ತುತ್ತಿಗೂ ಒಂದು ಮಾತು ಆಡುತ್ತಿದ್ದಳು. ಇದು ಹದ ಅನ್ನುತ್ತಿದ್ದಳು, ಇದು ಸಪ್ಪೆ ಅನ್ನುತ್ತಿದ್ದಳು.

ಮಾರನೆಯ ದಿನವೂ ಕಾಗೆ ರೊಟ್ಟಿಯನ್ನು ಎರಡು ತುಂಡು ಮಾಡಿತು. ಹೆಂಚಿನ ಕಡೆ ಮಾತ್ರ ಹೋಗಲಿಲ್ಲ. "ಬಾರವ್ವ," ಎಂದು ಅಳಿಲನ್ನು ಕರೆದು ಒಂದು ತುಂಡನ್ನು ಅದರ ಮುಂದಿಟ್ಟಿತು. ತನ್ನದನ್ನು ಚೂರು ಚೂರೇ ಕುಕ್ಕಿ ನಿಧಾನವಾಗಿ ತಿನ್ನತೊಡಗಿತು.

ಸ್ವಲ್ಪ ಹೊತ್ತಾದ ಮೇಲೆ, "ಇವತ್ತು ಉಪ್ಪು ಒಂದು ಚೂರು ಕಮ್ಮಿ ಅಲ್ವಾ?" ಎಂದಿತು.

"ಕಮ್ಮಿ. ಆದರೂ ಬಿಸಿಯಾಗಿದೆ ಕಾಗಣ್ಣ."

"ಹೌದು, ಬಿಸಿಯಾಗಿದೆ," ಎಂದು ಕಾಗೆ ಇನ್ನೊಂದು ಚೂರು ಕುಕ್ಕಿತು.